ಕಿರುದೋಣಿಗೆ ತಕ್ಕ ಗಾಳದ ಕೋಲು

ಕಳೆದ ದೀಪಾವಳಿಯ ಮರುದಿನ ಮಂಗಳೂರಿನಿಂದ ಕೊಯಿಲಕ್ಕೆ ಬಂದ ನನ್ನ ಸೋದರಳಿಯನು ಕಾಫಿ ಕುಡಿದು ಮುಗಿಸುವ ಮೊದಲೇ ಒಂದು ಪ್ರಶ್ನೆಯನ್ನು ಮುಂದಿಟ್ಟನು. "ಮಾವ, ಕಯಾಕಿನಲ್ಲಿ ಕುಳಿತು ಉಪ್ಪುನೀರಿನಲ್ಲಿ ಗಾಳ ಹಾಕಬೇಕಾದರೆ ಎಂಥ ಕೋಲು ತೆಗೆದುಕೊಳ್ಳಬೇಕು? ಹತ್ತು ಬಗೆ ತೋರಿಸುತ್ತಾರೆ. ಬೆಲೆ ಕೇಳಿದರೆ ತಲೆ ತಿರುಗುತ್ತದೆ." ಅವನ ತಾಯಿ, ಎಂದರೆ ನನ್ನ ತಂಗಿ, ಒಳಗಿನಿಂದಲೇ ತನ್ನ ಮಾತನ್ನೂ ಸೇರಿಸಿದಳು: "ಕೋಲು ಯಾವುದಾದರೂ ಇರಲಿ ಅಣ್ಣ, ಇವನು ನೀರಿಗೆ ಬೀಳದ ಹಾಗೆ ಒಂದು ಉಪಾಯ ಹೇಳು." ಇವೆರಡೂ ಬೇರೆ ಬೇರೆ ಪ್ರಶ್ನೆಗಳೆಂದು ನಾನು ಆಗ ತಿಳಿದಿದ್ದೆ. ಈಗ ಹಾಗೆನ್ನಲಾರೆ.

ಕನ್ನಡ ಪಾಠ ಹೇಳುವವನಿಗೆ ಗಾಳದ ಗೊಡವೆ ಏಕೆಂದು ಓದುಗರು ನಗಬಹುದು. ಕುಮಾರಧಾರೆಯ ದಡದಲ್ಲಿ ಬಿದಿರ ಕೋಲಿಗೆ ಎರೆಹುಳು ಸಿಕ್ಕಿಸಿ ಶಾಲೆ ತಪ್ಪಿಸಿದ ಹುಡುಗರಲ್ಲಿ ನಾನೂ ಒಬ್ಬ. ಮುಂದೆ ಪಂಡಿತ ಪರೀಕ್ಷೆಗೆ ಓದುವಾಗ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ' ಎಂಬ ಭಾಗವೇ ಇದೆಯೆಂದು ತಿಳಿದು ನನಗೆ ದೊಡ್ಡ ಸಮಾಧಾನವಾಯಿತು. ಗಾಳ ಹಾಕುವುದನ್ನು ಅರಸುಮಕ್ಕಳ ವಿನೋದಗಳಲ್ಲಿ ಒಂದೆಂದು ಅಲ್ಲಿ ಎಣಿಸಿದ್ದಾರೆ. ನಮ್ಮ ಜಿಲ್ಲೆಗೂ ಈ ವಿದ್ಯೆಯ ನಂಟು ಇಲ್ಲದಿಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರರಾಗಿದ್ದ ಎಚ್. ಎಸ್. ಥಾಮಸ್ ಎಂಬ ಆಂಗ್ಲರು ಬರೆದ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ 1873ರಲ್ಲಿ ಮೊದಲು ಅಚ್ಚಾದುದು ಮಂಗಳೂರಿನಲ್ಲಿಯೇ.

ಆದರೆ ನಮ್ಮ ಕಡಲತಡಿಯ ಬೆಸ್ತರು ಬದುಕುವುದು ಬಲೆಯಿಂದ. ರಂಪಣಿ, ಬೀಸುಬಲೆ, ಇವು ಅವರ ಸಾಧನ. ಗಾಳ ಹಾಕಿದರೂ ಹುರಿಯನ್ನು ಕೈಯಲ್ಲಿಯೇ ಹಿಡಿಯುವವರು ಹೆಚ್ಚು, ಕೋಲಿನ ಹಂಗು ಅವರಿಗಿಲ್ಲ. ಕೋಲಿನ ಮಾತು ಬರುವುದು ವಿನೋದಕ್ಕಾಗಿ ನೀರಿಗಿಳಿಯುವ ನನ್ನ ಅಳಿಯನಂಥವರಿಗೆ. ಈಚೆಗೆ ಮೂಲ್ಕಿಯ ಶಾಂಭವಿ ಹೊಳೆ, ಸಾಲಿಗ್ರಾಮದ ಬಳಿಯ ಸೀತಾನದಿಯ ಹಿನ್ನೀರು ಮೊದಲಾದ ಕಡೆ ಕಯಾಕುಗಳು ಓಡಾಡುವುದನ್ನು ಕಾಣಬಹುದು. ಉತ್ತರ ಧ್ರುವದ ಬಳಿಯ ಇನ್ಯುಯಿಟ್ ಜನರು ಸೀಲ್ ಪ್ರಾಣಿಯ ಚರ್ಮವನ್ನು ಹೊದಿಸಿ ಕಟ್ಟುತ್ತಿದ್ದ ಬೇಟೆಯ ದೋಣಿ ಅದು. ಈಗ ಪ್ಲಾಸ್ಟಿಕ್ಕಿನಲ್ಲಿ ಎರಕವಾಗಿ ನಮ್ಮ ಕಾಂಡ್ಲ ಗಿಡಗಳ ನಡುವೆ ತೇಲುತ್ತಿದೆ.

ಅಳಿಯನು ಕೇಳಿದ ಕೋಲು ಸಾಮಾನ್ಯ ಗಾಳದ ಕೋಲಲ್ಲ. ಫ್ಲೈ ರಾಡ್ ಎಂಬುದು. ನಾವು ಹುಡುಗರಾಗಿದ್ದಾಗ ಹಾಕುತ್ತಿದ್ದ ಗಾಳದಲ್ಲಿ ಸೀಸದ ಗುಂಡು ಇರುತ್ತಿತ್ತು; ಗುಂಡು ಹಾರಿ ಹೋಗುವಾಗ ಹಿಂದಿನ ದಾರವನ್ನು ಎಳೆದುಕೊಂಡು ಹೋಗುತ್ತಿತ್ತು. ಇಲ್ಲಿ ಹಾಗಲ್ಲ. ಕೊಕ್ಕೆಗೆ ಗರಿ, ಕೂದಲು, ನೂಲು ಸುತ್ತಿ ನೊಣದಂತೆಯೋ ಸಿಗಡಿಯಂತೆಯೋ ಮರಿಮೀನಿನಂತೆಯೋ ಕಾಣುವ ಹುಸಿ ಜೀವವೊಂದನ್ನು ಮಾಡುತ್ತಾರೆ. ಅದಕ್ಕೆ ತೂಕವೇ ಇಲ್ಲವೆನ್ನಬೇಕು. ಆದುದರಿಂದ ಭಾರವನ್ನೆಲ್ಲ ಹುರಿಗೇ ಕೊಟ್ಟಿರುತ್ತಾರೆ. ದನಗಾಹಿ ಚಾಟಿ ಬೀಸುವಂತೆ ಹುರಿಯನ್ನು ಬೆನ್ನ ಹಿಂದಕ್ಕೆ ಬೀಸಿ, ಅದು ಪೂರ್ತಿ ನೀಳವಾದ ಮೇಲೆ ಮುಂದಕ್ಕೆ ಬೀಸಬೇಕು. ಹಿಂದೆ ಹೋದ ಹುರಿಯ ಭಾರದಿಂದ ಕೋಲು ಬಾಗುತ್ತದೆ. ಬಾಗಿದ ಕೋಲು ನೆಟ್ಟಗಾಗುವ ರಭಸದಲ್ಲಿ ಹುರಿ ಮುಂದೆ ಹಾರುತ್ತದೆ.

ಇದರಿಂದಲೇ ಕೋಲುಗಳ ಮೇಲೆ ಒಂದು ಅಂಕಿ ಇರುವುದು. ಅದು ಕೋಲಿನ ತೂಕವಲ್ಲ, ಅದು ಬೀಸಬಲ್ಲ ಹುರಿಯ ತೂಕ. ಹುರಿಯ ಮೊದಲ 30 ಅಡಿಯನ್ನು ತೂಗಿ ಅಂಕಿ ಕೊಡುವ ಈ ಕ್ರಮವನ್ನು ಅಮೆರಿಕದ ತಯಾರಕರ ಸಂಘವು 1961ರಲ್ಲಿ ಗೊತ್ತುಮಾಡಿತು. ತೂಕ ಗ್ರೇನುಗಳಲ್ಲಿ. ನಮ್ಮ ತೊಲೆಗೆ 180 ಗ್ರೇನು ಎಂಬುದನ್ನು ನೆನೆದರೆ ಲೆಕ್ಕ ಸುಲಭವಾಗುತ್ತದೆ. 5ನೆಯ ಅಂಕಿಯ ಹುರಿ 140 ಗ್ರೇನು, ಮುಕ್ಕಾಲು ತೊಲೆಗಿಂತ ತುಸು ಹೆಚ್ಚು. ಅದು ಸಿಹಿನೀರಿನ ಸಣ್ಣ ಮೀನಿಗೆ. 8ನೆಯದು 210 ಗ್ರೇನು, ತೊಲೆಯ ಮೇಲೆ ಆರನೆಯ ಒಂದು ಪಾಲು. 10ನೆಯದು 280, ಒಂದೂವರೆ ತೊಲೆಯನ್ನು ಚೂರು ಮೀರುತ್ತದೆ. 12ನೆಯದು 380, ಎರಡು ತೊಲೆಗೂ ಮಿಗಿಲು, ಆಳಗಡಲ ದೈತ್ಯರಿಗೆ. ಕೋಲಿನ ಅಂಕಿಗೂ ಹುರಿಯ ಅಂಕಿಗೂ ಹೊಂದಿಕೆಯಿರಬೇಕು. ಹಗುರ ಹುರಿ ಗಟ್ಟಿ ಕೋಲನ್ನು ಬಗ್ಗಿಸಲಾರದು, ಭಾರದ ಹುರಿ ಸಣ್ಣ ಕೋಲನ್ನು ಸೋಲಿಸುತ್ತದೆ.

ನಮ್ಮ ಅಳಿವೆಗಳಲ್ಲಿ ಸಿಗುವ ಮೀನು ಯಾವುವು? ಕಾಂಡ್ಲದ ಬೇರುಗಳಲ್ಲಿ ಅಡಗುವ ಕೆಂಬೇರಿ, ಭರತದೊಡನೆ ಒಳಗೆ ನುಗ್ಗುವ ಕೊಕ್ಕರ್, ಮಲೆಯಾಳಿಗಳು ಕಾಳಾಂಜಿ ಎನ್ನುವ ದೊಡ್ಡ ಬಾಯಿಯ ಮೀನು. ಇವುಗಳಿಗೆ 8 ಸಾಕು. ಗಾಳಿಯ ಕಾಟವಿದ್ದರೆ, ಅಥವಾ ದೊಡ್ಡ ಕಾಳಾಂಜಿಯ ಆಸೆಯಿದ್ದರೆ 9. ಅದಕ್ಕಿಂತ ಮೇಲಿನದು ಕುಳಿತು ಬೀಸುವ ತೋಳಿಗೆ ಹೊರೆ. ಮಳೆಗಾಲ ಕಳೆದ ಮೇಲೆ ನಮ್ಮ ಕರಾವಳಿಯಲ್ಲಿ ಮುಂಜಾನೆ ನೆಲದಿಂದ ಮೆಲ್ಲನೆ ಗಾಳಿ ಬೀಸಿ, ಮಧ್ಯಾಹ್ನಕ್ಕೆ ಕಡಲಗಾಳಿ ಜೋರಾಗುತ್ತದಷ್ಟೆ. ಮುಂಜಾನೆ ಹೋಗಿ ಹತ್ತು ಗಂಟೆಗೆ ದಡ ಸೇರುವವನಿಗೆ 8ನೆಯ ಅಂಕಿಯೇ ಹಿತ.

ಇನ್ನು ಉದ್ದ. ವಾದವಿರುವುದು ಇಲ್ಲಿಯೇ. ನಿಂತು ಬೀಸುವವನ ಹೆಗಲು ನೀರಿನಿಂದ ನಾಲ್ಕೂವರೆ ಐದು ಅಡಿ ಮೇಲಿರುತ್ತದೆ. ಕಯಾಕಿನಲ್ಲಿ ಕುಳಿತವನದು ಅದರ ಅರ್ಧ. ಹಿಂದಕ್ಕೆ ಬೀಸಿದ ಹುರಿ ನೀರಿಗೆ ತಾಗಿದರೆ ಬೀಸೇ ಕೆಟ್ಟುಹೋಯಿತು. ಆದುದರಿಂದ ಕೆಲವರು ರೂಢಿಯ 9 ಅಡಿಗೆ ಬದಲಾಗಿ 10 ಅಡಿಯ ಕೋಲನ್ನು ಹಿಡಿಯಿರಿ ಎನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಅದು ಬೀಸುವ ಹೊತ್ತಿನ ಮಾತು ಮಾತ್ರ. ಮೀನು ಕಚ್ಚಿದ ಮೇಲಿನ ಮಾತು ಬೇರೆ.

ಅದನ್ನು ನಾನು ಕಲಿತುದು ದುಬಾರಿಯಾಗಿ. ಡಿಸೆಂಬರಿನ ರಜೆಯಲ್ಲಿ ಅಳಿಯ ತನ್ನ ಗೆಳೆಯನಿಂದ 10 ಅಡಿಯ ಕೋಲೊಂದನ್ನು ಎರವಲು ತಂದಿದ್ದ. ಇಬ್ಬರೂ ಎರಡು ಕಯಾಕುಗಳಲ್ಲಿ ಶಾಂಭವಿಗೆ ಇಳಿದೆವು. ನನ್ನ ಗಾಳಕ್ಕೆ ಒಂದು ಕೊಕ್ಕರ್ ಬಿತ್ತು. ಹತ್ತು ನಿಮಿಷ ಎಳೆದಾಡಿ ದೋಣಿಯ ಮಗ್ಗುಲಿಗೆ ತಂದೆ. ಆದರೆ ಹಿಡಿಯುವುದು ಹೇಗೆ? ಕೋಲಿನ ತುದಿ ಹತ್ತು ಅಡಿ ಆಚೆ, ಅಲ್ಲಿಂದ ತುದಿಯ ತೆಳುದಾರ ಮತ್ತೆ ಒಂಬತ್ತು ಅಡಿ. ದಡದಲ್ಲಾದರೆ ನಾಲ್ಕು ಹೆಜ್ಜೆ ಹಿಂದೆ ಸರಿಯಬಹುದು. ಕುಳಿತವನು ಎಲ್ಲಿಗೆ ಸರಿಯಬೇಕು? ಕೋಲನ್ನು ನೆಟ್ಟಗೆ ತಲೆಯ ಹಿಂದಕ್ಕೆ ಎತ್ತಿದೆ. ಆ ಗಳಿಗೆಗೆ ಕಾದಿದ್ದಂತೆ ಮೀನು ದೋಣಿಯ ಅಡಿಗೆ ಧುಮುಕಿತು. ಕೋಲು ದೋಣಿಯ ಅಂಚಿಗೆ ಒತ್ತಿ ಲಟಕ್ಕೆಂದು ಮುರಿಯಿತು; ಅದನ್ನು ಉಳಿಸಹೋಗಿ ನಾನು ಒಂದು ಬದಿಗೆ ವಾಲಿದೆ; ದೋಣಿಯೂ ನನ್ನೊಡನೆ ವಾಲಿತು. ಲೈಫ್ ಜಾಕೆಟ್ ಇದ್ದುದರಿಂದ ಈ ಲೇಖನ ಬರೆಯುತ್ತಿದ್ದೇನೆ. ತಪ್ಪು ಕೋಲಿನದಲ್ಲ, ನನ್ನದೇ.

ನಮ್ಮ ತೋಟಗಳಲ್ಲಿ ಹಿಂದೆ ನೀರೆತ್ತುತ್ತಿದ್ದ ಏತವನ್ನು ಕಂಡವರಿಗೆ ಇದರ ತತ್ತ್ವ ಹೇಳಬೇಕಾಗಿಲ್ಲ. ಕೋಲೂ ಒಂದು ಸನ್ನೆಯೇ. ಆದರೆ ಅದರ ಉದ್ದದ ತುದಿ ಮೀನಿನ ಕಡೆಗಿದೆ, ಗಿಡ್ಡ ತುದಿ ನಮ್ಮ ಕೈಯಲ್ಲಿದೆ. ಅಡಿ ಹೆಚ್ಚಿದಷ್ಟೂ ಅನುಕೂಲ ಮೀನಿಗೆ. ಕೋಲನ್ನು ತಗ್ಗಿಸಿ ಹಿಡಿದರೆ ಬುಡದ ದಪ್ಪ ಭಾಗ ಎಳೆತವನ್ನು ಹೊರುತ್ತದೆ. ನೆಟ್ಟಗೆ ಎತ್ತಿದರೆ ಹೊರೆಯೆಲ್ಲ ಪೆನ್ಸಿಲಿಗಿಂತ ತೆಳ್ಳಗಿನ ತುದಿಗೆ ಬೀಳುತ್ತದೆ.

ಹಾಗೆಂದು ತೀರ ಗಿಡ್ಡ ಕೋಲೂ ಸಲ್ಲದು. ಮೀನು ಅಡ್ಡಕ್ಕೆ ಎಳೆದರೆ ಕಯಾಕು ವಾಲುತ್ತದೆ. ಮೂತಿಯ ನೇರಕ್ಕೆ ಎಳೆದರೆ ದೋಣಿ ಮೀನಿನ ಹಿಂದೆ ತೇಲಿಕೊಂಡು ಹೋಗುತ್ತದೆ, ಮೀನು ದಣಿಯುತ್ತದೆ, ನಾವು ಭದ್ರ. ಆದುದರಿಂದ ಕೋಲನ್ನು ಯಾವಾಗಲೂ ಮೂತಿಯ ಕಡೆಗೆ ತಿರುಗಿಸಿಕೊಳ್ಳಬೇಕು. ಮೀನು ಬಲದಿಂದ ಎಡಕ್ಕೆ ಹಾದಾಗ ಹುರಿಯನ್ನು ಮೂತಿಯ ಆಚೆಯಿಂದ ದಾಟಿಸಬೇಕು. 12 ಅಡಿಯ ದೋಣಿಯಲ್ಲಿ ನಾವು ಕುಳಿತಲ್ಲಿಂದ ಮೂತಿಗೆ ಸುಮಾರು ಆರೇಳು ಅಡಿ. ತೋಳು ಚಾಚಿ ಹಿಡಿದ 9 ಅಡಿಯ ಕೋಲು ಅದನ್ನು ಧಾರಾಳವಾಗಿ ಮೀರುತ್ತದೆ. ನನ್ನ ತೀರ್ಮಾನ 9 ಅಡಿಗೇ. ತುದಿಯ ತೆಳುದಾರವನ್ನು ಏಳು ಅಡಿಗೆ ಇಳಿಸಿಕೊಂಡರೆ ಮೀನು ಕೈಗೆಟಕುವುದು ಇನ್ನೂ ಸುಲಭ.

ಬೀಸುವಾಗ ಹುರಿ ನೀರಿಗೆ ತಾಗುವ ತೊಂದರೆಗೆ ಏನು ಮಾಡಬೇಕು? ದೂರ ಬೀಸುವ ಚಪಲವನ್ನು ಬಿಡಬೇಕು. ಕಯಾಕಿಗೆ ಸದ್ದಿಲ್ಲ, ನೀರಿನ ಮೇಲೆ ಎತ್ತರವಿಲ್ಲ. ಮೀನಿನ ಹತ್ತಿರಕ್ಕೆ ಕಳ್ಳನಂತೆ ಹೋಗಬಹುದು. ದಡದಲ್ಲಿ ನಿಂತವನು 70 ಅಡಿ ಬೀಸಬೇಕಾದಲ್ಲಿ ದೋಣಿಯವನಿಗೆ 35 ಅಡಿ ಸಾಕು. ಅಷ್ಟು ಹುರಿಯನ್ನು ಕುಳಿತಲ್ಲಿಂದಲೂ ನೀರಿಗೆ ತಾಗದಂತೆ ಹಿಡಿಯಬಹುದು. ಮಿಕ್ಕ ದೂರವನ್ನು ಹುಟ್ಟು ಕ್ರಮಿಸುತ್ತದೆ. ಅಂಗಡಿಯಲ್ಲಿ ಕೋಲಿನ ಗುಣ ಹೇಳುವವರು ಬಹುಮಟ್ಟಿಗೆ ದೂರವನ್ನೇ ಹೊಗಳುತ್ತಾರೆ. ಅದಕ್ಕೆ ಹಣ ತೆರುವ ಅಗತ್ಯ ನಮಗಿಲ್ಲ.

ಇದರ ಬೆಳಕಿನಲ್ಲಿ ಕೋಲಿನ ಬಾಗುವಿಕೆಯನ್ನೂ ನೋಡಬೇಕು. ತುದಿಯಲ್ಲಿ ಮಾತ್ರ ಬಾಗುವ ಬಿರುಸು ಕೋಲಿಗೆ ಉದ್ದ ಹುರಿಯ ಭಾರ ಬೇಕು. ನಡುವಿನವರೆಗೂ ಬಾಗುವ ಕೋಲು ಗಿಡ್ಡ ಹುರಿಗೂ ಎಚ್ಚರಗೊಳ್ಳುತ್ತದೆ. ಕುಳಿತವನಿಗೆ ಎರಡನೆಯದೇ ಲೇಸು, ಬುಡ ಮಾತ್ರ ಗಟ್ಟಿಯಿರಲಿ. ಮೊದಲು ಈ ಕೋಲುಗಳನ್ನು ಚೀನದ ಟೊಂಕಿನ್ ಬಿದಿರನ್ನು ಆರು ಸೀಳುಗಳಾಗಿ ಹೆರೆದು ಅಂಟಿಸಿ ಮಾಡುತ್ತಿದ್ದರು. ಎರಡನೆಯ ಮಹಾಯುದ್ಧದ ಬಳಿಕ ಗಾಜಿನ ನಾರು ಬಂದಿತು, 1970ರ ದಶಕದಲ್ಲಿ ಇಂಗಾಲದ ನಾರು, ಎಂದರೆ ಕಾರ್ಬನ್ ಫೈಬರ್. ಪುತ್ತೂರು ಸುಳ್ಯದ ಕಡೆಯವರಿಗೆ ಇದು ಹೊಸತಲ್ಲ. ಅಡಕೆ ಕೊಯ್ಯುವ ದೋಟಿಯೂ ಈಗ ಬಿದಿರಿನಿಂದ ಕಾರ್ಬನ್ನಿಗೆ ಬಂದಿದೆಯಲ್ಲವೆ? ಅದೇ ಹಗುರ, ಅದೇ ಬಿಗುಪು, ಅದೇ ದೋಷ: ಗಟ್ಟಿ ಅಂಚಿಗೆ ಬಡಿದರೆ ಕಣ್ಣಿಗೆ ಕಾಣದ ಬಿರುಕು ಹುಟ್ಟಿ, ಇನ್ನಾವುದೋ ದಿನ ಕಾರಣವಿಲ್ಲದೆ ಮುರಿದಂತೆ ತೋರುತ್ತದೆ. ಗಾಜಿನ ನಾರಿನದು ತೂಕ ಹೆಚ್ಚು, ಪೆಟ್ಟಿಗೆ ಸಹನೆಯೂ ಹೆಚ್ಚು. ಹುಟ್ಟಿನ ಪೆಟ್ಟು ತಪ್ಪದ ಕಯಾಕಿನಲ್ಲಿ ಹೊಸಬರು ಅದನ್ನು ಹಿಡಿದರೂ ನಾನು ಬೇಡವೆನ್ನೆನು.

ದೋಟಿ ವಿದ್ಯುತ್ ತಂತಿಗೆ ತಗಲಿದರೆ ಏನಾಗುತ್ತದೆಂದು ನಮ್ಮ ಊರುಗಳಲ್ಲಿ ಎಲ್ಲರೂ ಬಲ್ಲರು. ಇಂಗಾಲದ ಕೋಲೂ ವಿದ್ಯುತ್ತನ್ನು ಹರಿಯಗೊಡುತ್ತದೆ. ಏಪ್ರಿಲ್ ಮೇ ತಿಂಗಳ ಸಂಜೆ ಗುಡುಗು ಕೇಳಿದೊಡನೆ, ಬಯಲು ನೀರಿನ ನಡುವೆ ಅದನ್ನು ಎತ್ತಿ ಹಿಡಿದು ಕುಳಿತಿರುವುದು ಹುಚ್ಚುತನ. ಇಳಿತದ ಹೊತ್ತಿನಲ್ಲಿ ಅಳಿವೆ ಬಾಗಿಲ ಬಳಿ ಹೋಗುವುದೂ ಅಷ್ಟೆ. ಹೊರಗೆ ಹರಿಯುವ ಹೊಳೆಯ ಸೆಳೆತಕ್ಕೆ ಕಡಲ ತೆರೆ ಎದುರಾಗಿ ಅಲ್ಲಿ ಅಲೆಗಳು ಕಡಿದಾಗಿ ಏಳುತ್ತವೆ. ಒಳಗಿನ ಹಿನ್ನೀರು ಬೇಕಾದಷ್ಟಿದೆ.

ಸಣ್ಣ ವಿಷಯಗಳನ್ನು ಬೇಗ ಹೇಳಿಬಿಡುತ್ತೇನೆ. ರಾಟೆ ಕೂರುವ ಜಾಗ ಮರದ್ದೋ ಕಬ್ಬಿಣದ್ದೋ ಆಗಿರಬಾರದು, ಉಪ್ಪು ತಡೆಯುವ ಅಲ್ಯುಮಿನಿಯಮ್ ಇರಲಿ. ಬುಡದಲ್ಲಿ ಎರಡು ಅಂಗುಲದ ಮೆತ್ತನೆಯ ಮೊಳಕೆಯಿದ್ದರೆ ಹೊಟ್ಟೆಗೆ ಆನಿಸಿಕೊಳ್ಳಬಹುದು. ನಾಲ್ಕು ತುಂಡಿನ ಕೋಲು ಕೊಂಡರೆ ಬಸ್ಸಿನಲ್ಲಿ ಒಯ್ಯಬಹುದು, ಆದರೆ ಗಂಟೆಗೊಮ್ಮೆ ಕೀಲುಗಳನ್ನು ಬಿಗಿಮಾಡಬೇಕು. ಕೋಲಿಗೆ ಒಂದು ಹಗ್ಗ ಕಟ್ಟಿ ದೋಣಿಗೆ ಬಿಗಿಯಿರಿ, ಎಂದೂ ಮೈಗಲ್ಲ. ಮನೆಗೆ ಬಂದ ಕೂಡಲೆ ಸಿಹಿನೀರಿನಲ್ಲಿ ತೊಳೆಯಿರಿ. ಬೆಲೆಯ ಮಾತಿಗೆ ಬಂದರೆ, ವಿದೇಶದ ಕೆಲವು ಕೋಲುಗಳು ಒಬ್ಬ ಮಾಸ್ತರನ ತಿಂಗಳ ಸಂಬಳವನ್ನು ನುಂಗುತ್ತವೆ. ನಡುವಣ ಬೆಲೆಯದನ್ನು ಕೊಂಡು, ಉಳಿದ ಹಣಕ್ಕೆ ಒಳ್ಳೆಯ ಲೈಫ್ ಜಾಕೆಟ್ ಕೊಳ್ಳಿರೆಂದು ನನ್ನ ಸಲಹೆ.

ಅಳಿಯನು ಕೊನೆಗೆ 9 ಅಡಿಯ, 8ನೆಯ ಅಂಕಿಯ, ನಾಲ್ಕು ತುಂಡಿನ ಕೋಲನ್ನು ಕೊಂಡನು. ಮುರಿದ ಕೋಲಿನ ಗೆಳೆಯನಿಗೆ ನಾನು ಕಂತಿನಲ್ಲಿ ಹಣ ಕೊಡುತ್ತಿದ್ದೇನೆ. ಫೆಬ್ರವರಿಯ ಒಂದು ಮುಂಜಾನೆ ಅವನಿಗೆ ಶಾಂಭವಿಯಲ್ಲಿ ಒಂದು ಕೆಂಬೇರಿ ಸಿಕ್ಕಿತು. ಗೇಣುದ್ದವೂ ಇಲ್ಲದ ಮರಿಯೆಂದು ನೀರಿಗೆ ಬಿಟ್ಟನಂತೆ. ಅದರ ಚಿತ್ರವನ್ನು ತಾಯಿಗೆ ತೋರಿಸಿದಾಗ ಅವಳು ಮೀನನ್ನು ನೋಡಲಿಲ್ಲ. ಚಿತ್ರದ ಮೂಲೆಯಲ್ಲಿ ಕಾಣುತ್ತಿದ್ದ ಕಿತ್ತಳೆ ಬಣ್ಣದ ಜಾಕೆಟ್ಟಿನ ಗುಂಡಿ ಹಾಕಿದೆಯೇ ಎಂದು ನೋಡಿದಳು.