ಚಹಾದ ಬಣ್ಣವೇ ಬೇರೆ, ಕಸುವೇ ಬೇರೆ

ಚಹಾ ಕಪ್ಪಾದಷ್ಟೂ ಕಡಕ್, ಕುದಿದಷ್ಟೂ ಕಸುವು ಎಂಬ ನಂಬಿಕೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಹಾಲು ಬೆರೆಸದ ಬರಿ ಚಹಾವನ್ನು ಮೂರು ನಿಮಿಷಕ್ಕೆ ಸೋಸಿ ಮುಂದಿಟ್ಟರೆ ಅದನ್ನು ಬಣ್ಣದ ನೀರೆಂದು ಪಕ್ಕಕ್ಕೆ ಸರಿಸುವವರೇ ಹೆಚ್ಚು. ಬೇರೆ ಯಾವ ಸೀಮೆಯ ಜನ ಹೀಗೆ ನಂಬಿದ್ದರೂ ಅದನ್ನು ಅರ್ಥ ಮಾಡಿಕೊಳ್ಳಬಹುದಿತ್ತು. ಆದರೆ ಪುಣೆ–ಬೆಂಗಳೂರು ಹೆದ್ದಾರಿಯ ಮೋಟೆಬೆನ್ನೂರಿನಲ್ಲಿ ತಿರುಗಿದರೆ ಸಿಗುವ ಬ್ಯಾಡಗಿ ಲೋಕಕ್ಕೆಲ್ಲ ಪರಿಚಿತವಾಗಿರುವುದೇ ದಟ್ಟ ಕೆಂಪು ಬಣ್ಣವಿದ್ದೂ ಖಾರ ಕಡಿಮೆಯಿರುವ ಮೆಣಸಿನಕಾಯಿಯಿಂದ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ಬೆಳೆಯಲ್ಲಿ ಬಣ್ಣ ಕೊಡುವ ವಸ್ತು ಕ್ಯಾಪ್ಸಾಂಥಿನ್, ಖಾರ ಕೊಡುವ ವಸ್ತು ಕ್ಯಾಪ್ಸೈಸಿನ್, ಮೊದಲನೆಯದು ಹೇರಳವಾಗಿದ್ದಲ್ಲಿ ಎರಡನೆಯದೂ ಹೇರಳವಾಗಿರಬೇಕೆಂಬ ನಿಯಮವಿಲ್ಲ ಎಂಬುದು ಇಲ್ಲಿನ ರೈತನಿಗೂ ದಲಾಲನಿಗೂ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಡಬ್ಬಿ ಮತ್ತು ಕಡ್ಡಿ ಜಾತಿಯ ಕಾಯಿಗಳನ್ನು ಮುರಿದು, ಮೂಸಿ, ನೆರಿಗೆ ನೋಡಿ ಬಣ್ಣಕ್ಕೊಂದು ಬೆಲೆ, ಖಾರಕ್ಕೊಂದು ಬೆಲೆ ಕಟ್ಟುವ ಅದೇ ಜನ ಚಹಾದ ಮುಂದೆ ಕೂತಾಗ ಮಾತ್ರ ಬಣ್ಣವನ್ನೇ ಕಸುವೆಂದು ಒಪ್ಪಿಕೊಳ್ಳುವುದು ನಿಜಕ್ಕೂ ಬೇಸರ ತರಿಸುವ ಸಂಗತಿ.

ಚಹಾದ ಎಲೆಯಿಂದ ನೀರಿಗೆ ಇಳಿಯುವ ವಸ್ತುಗಳು ಹಲವು, ಅವು ಇಳಿಯುವ ವೇಗವೂ ಬೇರೆ ಬೇರೆ. ಕುಡಿದವನನ್ನು ಎಚ್ಚರಗೊಳಿಸುವ ಕೆಫೀನ್‌ಗೆ ಬಣ್ಣವೇ ಇಲ್ಲ. ಬಿಸಿನೀರಿನಲ್ಲಿ ಅದು ಸಲೀಸಾಗಿ ಕರಗುವುದರಿಂದ ಅದರ ಹೆಚ್ಚಿನ ಪಾಲು ಮೊದಲ ಮೂರ್ನಾಲ್ಕು ನಿಮಿಷಗಳಲ್ಲೇ ಎಲೆಯನ್ನು ಬಿಟ್ಟಿರುತ್ತದೆ. ಬಣ್ಣ ಬರುವುದು ಪಾಲಿಫಿನಾಲ್ ಎಂಬ ಗುಂಪಿನ ವಸ್ತುಗಳಿಂದ. ಕಿತ್ತ ಹಸಿರೆಲೆಯನ್ನು ಬಾಡಿಸಿ ಜಜ್ಜಿದಾಗ ಅದರೊಳಗಿನ ಕಿಣ್ವವು ಗಾಳಿಯ ಆಮ್ಲಜನಕದೊಡನೆ ಸೇರಿ ಈ ವಸ್ತುಗಳನ್ನು ಎರಡು ಹೊಸ ರೂಪಗಳಿಗೆ ತರುತ್ತದೆ: ಹೊಳಪಿನ ಕೆಂಪು–ಕಿತ್ತಳೆ ಛಾಯೆಯನ್ನೂ ನಾಲಿಗೆಗೆ ಚುರುಕನ್ನೂ ಕೊಡುವ ಥಿಯಾಫ್ಲೇವಿನ್ ಒಂದು, ಕಂದು ಬಣ್ಣವನ್ನೂ ಮೈತುಂಬಿದ ಗುಣವನ್ನೂ ಕೊಡುವ ಥಿಯಾರುಬಿಜಿನ್ ಇನ್ನೊಂದು. ಎಲೆಯನ್ನು ಒಲೆಯ ಮೇಲೆ ಹತ್ತು ಹದಿನೈದು ನಿಮಿಷ ಕುದಿಸಿದಾಗ ಈ ಥಿಯಾಫ್ಲೇವಿನ್ ಶಾಖಕ್ಕೆ ಕೆಡುತ್ತ ಹೋಗಿ ಹೊಳಪು ಮಾಸುತ್ತದೆ, ಕಂದು ದಟ್ಟವಾಗುತ್ತದೆ, ಒಗರು ಏರುತ್ತದೆ. ಆದರೆ ಕಸುವೆಂದು ಜನ ಹುಡುಕುವ ಕೆಫೀನ್ ಮಾತ್ರ ಹೆಚ್ಚೇನೂ ಏರುವುದಿಲ್ಲ, ಏಕೆಂದರೆ ಇಳಿಯಬೇಕಾದದ್ದು ಆಗಲೇ ಇಳಿದಾಗಿದೆ. ಇನ್ನು ಸುವಾಸನೆಯ ಮಾತು. ಚಹಾದ ಘಮವೆಂದರೆ ಶಾಖಕ್ಕೆ ಹಗುರವಾಗಿ ಹಾರಿಹೋಗುವ ತೈಲಗಳು. ಚಹಾ ಕುದಿಯುವಾಗ ಮನೆ ತುಂಬ ಘಮಘಮಿಸಿತೆಂದು ಹಿಗ್ಗುವವರು ಆ ಘಮವಷ್ಟೂ ಬಟ್ಟಲಿನಿಂದ ಕಳೆದುಹೋದ ಘಮವೆಂಬುದನ್ನು ಗಮನಿಸುವುದಿಲ್ಲ.

ಬಣ್ಣವು ಕಸುವಿನ ಸಾಕ್ಷಿಯಲ್ಲ ಎಂಬುದನ್ನು ಯಾವ ಅಡುಗೆಮನೆಯಲ್ಲಿ ಬೇಕಾದರೂ ಪರೀಕ್ಷಿಸಿ ನೋಡಬಹುದು. ಚೆನ್ನಾಗಿ ಕುದಿಸಿ ಕಪ್ಪಾಗಿಸಿದ ಚಹಾವನ್ನು ಗಾಜಿನ ಲೋಟಕ್ಕೆ ಸೋಸಿ, ಬೆಳಕಿಗೆ ಹಿಡಿದು, ಅದಕ್ಕೆ ನಾಲ್ಕು ಹನಿ ಲಿಂಬೆರಸ ಹಿಂಡಿದರೆ, ಹನಿ ಬಿದ್ದ ಜಾಗದಿಂದಲೇ ಕಂದು ಬಣ್ಣ ಸರಿಯುತ್ತ ಇಡೀ ಲೋಟ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಹುಳಿಯು ಬಣ್ಣದ ಕಣಗಳ ವಿದ್ಯುದಂಶವನ್ನು ಬದಲಿಸಿದ್ದರಿಂದ ಆದ ಮಾರ್ಪಾಡು ಇದು. ಕೆಫೀನ್ ಇದ್ದಷ್ಟೇ ಇದೆ, ಒಂದು ಕಣವೂ ಕಡಿಮೆಯಾಗಿಲ್ಲ. ಇನ್ನೊಂದು ಲೋಟದ ತಿಳಿಯಾದ ಚಹಾಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಅದು ಕ್ಷಣದಲ್ಲಿ ಕಪ್ಪಡರುತ್ತದೆ, ಕಸುವು ಎಳ್ಳಷ್ಟೂ ಹೆಚ್ಚುವುದಿಲ್ಲ. ನೀರು ಮಾಡುವ ಕೆಲಸವೂ ಇದೇ. ಕೊಳವೆಬಾವಿಯ ಗಡಸು ನೀರಿನಲ್ಲಿ, ಅಂದರೆ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಲವಣಗಳು ಹೆಚ್ಚಾಗಿ ಕರಗಿರುವ ನೀರಿನಲ್ಲಿ, ಮಾಡಿದ ಚಹಾ ಮಳೆನೀರಿನ ಚಹಾಕ್ಕಿಂತ ಕಪ್ಪಾಗಿಯೂ ಮಂಕಾಗಿಯೂ ಇಳಿಯುತ್ತದೆ, ಆರುತ್ತ ಬಂದಂತೆ ಅದರ ಮೇಲೆ ತೆಳ್ಳನೆಯ ಪೊರೆ ಕಟ್ಟುತ್ತದೆ. ಈ ಪೊರೆಯನ್ನು ಚಹಾಪುಡಿಯ ಜಿಡ್ಡೆಂದೋ ಕಲಬೆರಕೆಯೆಂದೋ ದೂರುವವರುಂಟು; ಅದು ನೀರಿನ ಲವಣವೂ ಪಾಲಿಫಿನಾಲೂ ಕೂಡಿ ಆದದ್ದು, ಅಂಗಡಿಯವನ ತಪ್ಪಲ್ಲ. ಹಾಗೆಯೇ ಗಟ್ಟಿ ಚಹಾ ಪೂರ್ತಿ ತಣ್ಣಗಾದಾಗ ಮಬ್ಬಾಗಿ ಕದಡಿದಂತೆ ಕಾಣುವುದು ಕೆಫೀನ್ ಮತ್ತು ಥಿಯಾಫ್ಲೇವಿನ್ ಒಂದಕ್ಕೊಂದು ಅಂಟಿಕೊಳ್ಳುವುದರಿಂದ. ಚಹಾ ರುಚಿನೋಡುವ ವೃತ್ತಿಯವರು ಇದನ್ನು ಒಳ್ಳೆಯ ಎಲೆಯ ಗುರುತೆಂದೇ ಎಣಿಸುತ್ತಾರೆ.

ಇಷ್ಟಾದರೂ ಕುದಿಸುವ ಚಟ ಬೇರೂರಿದ್ದಕ್ಕೆ ಕಾರಣವಿದೆ, ಆ ಕಾರಣ ಹಾಲಿನಲ್ಲಿದೆ. ಹಾಲಿನ ಕೇಸೀನ್ ಎಂಬ ಪ್ರೋಟೀನು ಒಗರಿನ ವಸ್ತುಗಳನ್ನು ತಾನೇ ಹಿಡಿದಿಟ್ಟುಕೊಳ್ಳುವುದರಿಂದ ಅವು ನಾಲಿಗೆಯನ್ನು ಕಾಡುವುದಿಲ್ಲ. ಹಾಲು, ಸಕ್ಕರೆ, ಶುಂಠಿ, ಯಾಲಕ್ಕಿಗಳ ನಡುವೆಯೂ ಚಹಾದ ರುಚಿ ಎದ್ದು ಕಾಣಬೇಕಾದರೆ ಪುಡಿಯನ್ನು ಒಂದಿಷ್ಟು ಕುದಿಸುವುದು ಅಗತ್ಯವೂ ಹೌದು. ಈ ಪದ್ಧತಿಯನ್ನು ಅನಾದಿ ಕಾಲದ ಭಾರತೀಯ ಸಂಪ್ರದಾಯವೆಂದು ಬಗೆಯುವುದು ಇನ್ನೊಂದು ತಪ್ಪು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಚಹಾ ಉದ್ಯಮದ ಪ್ರಚಾರಕರು ರೈಲು ನಿಲ್ದಾಣಗಳಲ್ಲಿ ಫಲಕ ತೂಗುಹಾಕಿ ಜನರಿಗೆ ಕಲಿಸಿದ ವಿಧಾನದಲ್ಲಿ ಎಲೆಯನ್ನು ಕುದಿಸುವ ಮಾತೇ ಇರಲಿಲ್ಲ. ಕುದಿದ ನೀರನ್ನು ಎಲೆಯ ಮೇಲೆ ಸುರಿದು, ಮುಚ್ಚಿಟ್ಟು, ಹಾಲನ್ನು ಆಮೇಲೆ ಬೆರೆಸಬೇಕೆಂದೇ ಅವು ಹೇಳುತ್ತಿದ್ದವು. ಕಡಿಮೆ ಪುಡಿಯಲ್ಲಿ ಹೆಚ್ಚು ಲೋಟ ತುಂಬಿಸಬೇಕಾಗಿದ್ದ ಮಾರಾಟಗಾರರು ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕುದಿಸುವ ದಾರಿ ಹಿಡಿದರು, ಆ ಚಹಾ ಜನರಿಗೆ ಹಿಡಿಸಿತು, ಅದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ಆಕ್ಷೇಪವಿರುವುದು ಸಕ್ಕರೆ ಕಾಯಿಲೆಗೋ ಬೊಜ್ಜಿಗೋ ಹೆದರಿ ಹಾಲು ಸಕ್ಕರೆ ಬಿಟ್ಟವರು ಕುದಿಸುವುದನ್ನು ಮಾತ್ರ ಬಿಡದಿರುವುದಕ್ಕೆ. ಒಗರನ್ನು ತಡೆಯುತ್ತಿದ್ದ ಹಾಲು ಹೋಯಿತು, ಒಗರನ್ನು ಹಿಂಡಿ ತೆಗೆಯುವ ಕುದಿ ಉಳಿಯಿತು. ಆಮೇಲೆ ಮುಖ ಕಿವಿಚಿ, ಕಪ್ಪು ಚಹಾ ಕಷಾಯದಂತೆ ಕುಡಿಯಬೇಕಾದ ಔಷಧಿ ಎಂಬ ತೀರ್ಪು ಬರುತ್ತದೆ.

ಮುಂಜಾನೆಗೆ ಒಪ್ಪುವ ಕಪ್ಪು ಚಹಾ ಮಾಡುವುದಕ್ಕೆ ಒಲೆಯ ಮೇಲೆ ಬೇಕಾಗಿರುವುದು ನೀರು ಮಾತ್ರ. ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿರುವ ಹಾವೇರಿಯಲ್ಲಿ ನೀರು 98 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುವುದರಿಂದ ಅದನ್ನು ಆರಿಸುತ್ತ ಕೂರಬೇಕಿಲ್ಲ. ಕೊತಕೊತ ಕುದಿದೊಡನೆ ಒಲೆ ಆರಿಸಿ, ಇನ್ನೂರು ಮಿಲಿಲೀಟರಿಗೆ ಒಂದು ಚಮಚ, ಅಂದರೆ ಎರಡು ಗ್ರಾಮಿನಷ್ಟು ಪುಡಿ ಹಾಕಿ, ತಟ್ಟೆ ಮುಚ್ಚಿ, ಹೊತ್ತು ನೋಡಿ ಸೋಸಿದರೆ ಮುಗಿಯಿತು. ಈ ಹೊತ್ತನ್ನು ನಿರ್ಧರಿಸುವುದು ಕಣದ ಗಾತ್ರ. ಇಲ್ಲಿನ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಸಿಟಿಸಿ ಚಹಾ, ಅಂದರೆ 1930ರ ದಶಕದಲ್ಲಿ ಅಸ್ಸಾಮಿನಲ್ಲಿ ರೂಪುಗೊಂಡ ಹಲ್ಲುರುಳೆಯ ಯಂತ್ರದಲ್ಲಿ ಎಲೆಯನ್ನು ಜಜ್ಜಿ, ಹರಿದು, ಸುರುಳಿಸಿ ಮಾಡಿದ ಹರಳು. ಅದರಲ್ಲೂ ಡಸ್ಟ್ ಎಂಬ ದರ್ಜೆಯನ್ನು ಕಸವೆಂದು ತಿಳಿಯುವುದು ತಪ್ಪು, ಅದು ಜರಡಿಯಲ್ಲಿ ಇಳಿದ ಅತಿ ಸಣ್ಣ ಕಣದ ಹೆಸರಷ್ಟೇ. ಕಣ ಸಣ್ಣದಾದಷ್ಟೂ ನೀರಿಗೆ ಒಡ್ಡಿಕೊಳ್ಳುವ ಮೈ ಹೆಚ್ಚು, ಆದ್ದರಿಂದ ಡಸ್ಟ್‌ಗೆ ಎರಡು ನಿಮಿಷ, ದಪ್ಪ ಹರಳಿಗೆ ಮೂರು, ಇಡಿ ಎಲೆಗೆ ನಾಲ್ಕೈದು ನಿಮಿಷ ಸಾಕು. ಇದಕ್ಕಿಂತ ಕಡಕ್ ಬೇಕೆನ್ನುವವರು ಪುಡಿಯನ್ನು ಹೆಚ್ಚಿಸಬೇಕೇ ಹೊರತು ಹೊತ್ತನ್ನಲ್ಲ. ನೂರು ಮಿಲಿಲೀಟರಿಗೆ ಎರಡು ಗ್ರಾಮು, ಆರು ನಿಮಿಷ ಎಂಬ ಅಂತರರಾಷ್ಟ್ರೀಯ ಮಾನಕವೊಂದು 1980ರಿಂದ ಇದೆ, ಆದರೆ ಅದು ಚಹಾದ ದೋಷಗಳನ್ನು ಎತ್ತಿ ತೋರಿಸಿ ಹೋಲಿಸುವುದಕ್ಕೆಂದು ಮಾಡಿದ ಮಾನಕ, ಸವಿಯುವುದಕ್ಕೆಂದು ಮಾಡಿದ್ದಲ್ಲ. ಅದರಲ್ಲಿಯೂ ಎಲೆಯನ್ನು ಒಲೆಯ ಮೇಲಿಡುವುದಿಲ್ಲ.

ಚಹಾದ ಟ್ಯಾನಿನ್ ಹೊಟ್ಟೆಯ ಒಳಪದರವನ್ನು ಚರ್ಮ ಹದಮಾಡಿದಂತೆ ಗಡಸುಮಾಡುತ್ತದೆ ಎಂಬ ಹೆದರಿಕೆಗೆ ಬಹಳ ದೊಡ್ಡವರ ಬೆಂಬಲವಿದೆ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರಲ್ಲಿ ಯಾರ ಹಿಂದೆ ದಂಡಿಯವರೆಗೆ ನಡೆದರೋ ಆ ಗಾಂಧೀಜಿಯವರೇ 1942ರಲ್ಲಿ ಸೆರೆಯಲ್ಲಿದ್ದಾಗ ಬರೆದ ಆರೋಗ್ಯದ ಕುರಿತ ಕಿರುಪುಸ್ತಕದಲ್ಲಿ ಈ ಮಾತನ್ನು ಹೇಳಿದ್ದಾರೆ. ಚರ್ಮ ಹದಮಾಡುವ ಟ್ಯಾನಿಕ್ ಆಮ್ಲವೂ ಚಹಾದ ಪಾಲಿಫಿನಾಲುಗಳೂ ರಾಸಾಯನಿಕವಾಗಿ ಒಂದೇ ಅಲ್ಲ ಎಂಬುದರಿಂದ ಆ ಹೋಲಿಕೆ ಇಂದು ನಿಲ್ಲುವುದಿಲ್ಲ. ಆದರೆ ಅದೇ ಬರಹದಲ್ಲಿ ಅವರು ಎಲೆಯನ್ನು ಕುದಿಸದೆ, ಸೋಸುಬಟ್ಟಲಿನಲ್ಲಿಟ್ಟು ಮೇಲಿನಿಂದ ಕುದಿನೀರು ಸುರಿದು ತೆಗೆದ ತಿಳಿಬಣ್ಣದ ಚಹಾ ಬಹುಶಃ ನಿರುಪದ್ರವಿ ಎಂದೂ ಒಪ್ಪಿದ್ದರು. ಹೆದರಿಕೆಯ ಮಾತು ಊರೂರು ತಿರುಗಿತು, ಉಪಯೋಗದ ಮಾತನ್ನು ಯಾರೂ ಎತ್ತಿಕೊಳ್ಳಲಿಲ್ಲ.

ಉಳಿದ ನಂಬಿಕೆಗಳಿಗೆ ಹೆಚ್ಚು ಜಾಗ ಕೊಡುವ ಅಗತ್ಯವಿಲ್ಲ. ಚಹಾ ಕುಡಿದರೆ ಮಕ್ಕಳ ಮೈಬಣ್ಣ ಕಪ್ಪಾಗುವುದಿಲ್ಲ. ಹಸಿರು ಚಹಾ ಬೇರೆ ಗಿಡದ್ದಲ್ಲ, ಅದೇ ಗಿಡದ ಎಲೆಯನ್ನು ಬಿಸಿಗೊಳಿಸಿ ಕಿಣ್ವದ ಕೆಲಸವನ್ನು ಮೊದಲೇ ನಿಲ್ಲಿಸಿದ್ದು. ಲಿಂಬೆ ಹಿಂಡಿದ ಕಪ್ಪು ಚಹಾ ಬೊಜ್ಜು ಕರಗಿಸುವುದಿಲ್ಲ, ಹಾಲು ಸಕ್ಕರೆ ಬಿಟ್ಟಷ್ಟು ಕ್ಯಾಲೊರಿ ಉಳಿಯುತ್ತದೆ, ಅಷ್ಟೇ. ತೂಕಕ್ಕೆ ತೂಕ ಒಣ ಎಲೆಯಲ್ಲಿ ಕೆಫೀನ್ ಕಾಫಿಬೀಜಕ್ಕಿಂತ ಹೆಚ್ಚಿರಬಹುದಾದರೂ ಬಟ್ಟಲಿಗೆ ಬರುವುದು ಸಾಮಾನ್ಯವಾಗಿ ಕಾಫಿಗಿಂತ ಕಡಿಮೆ.

ಬಣ್ಣದ ಮೇಲಿನ ಈ ಮೋಹ ರುಚಿಯನ್ನಷ್ಟೇ ಕೆಡಿಸಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಒಮ್ಮೆ ಬಳಸಿ ಚೆಲ್ಲಿದ ಚರಟವನ್ನು ಒಣಗಿಸಿ, ಕೃತಕ ಬಣ್ಣ ಹಚ್ಚಿ, ಹೊಸ ಪುಡಿಯಲ್ಲಿ ಬೆರೆಸುವ ದಂಧೆ ನಡೆಯುವುದು ಕೊಳ್ಳುವವರು ಬಣ್ಣವನ್ನೇ ಕೇಳುವುದರಿಂದ; ಕಾಯಿಸುವ ಮೊದಲೇ, ತಣ್ಣೀರಿಗೆ ಬಿದ್ದೊಡನೆ ಕೆಂಪು ಬಿಡುವ ಪುಡಿಯನ್ನು ಮೆಚ್ಚಿ ಒಯ್ಯುವವರಿರುವಾಗ ಅಂಥದ್ದನ್ನು ಮಾರುವವರೂ ಹುಟ್ಟುತ್ತಾರೆ. ಸೋಸುಕಾಗದದ ಮೇಲೆ ಚಿಟಿಕೆ ಪುಡಿ ಹರಡಿ, ತಣ್ಣೀರು ಚಿಮುಕಿಸಿ, ಪುಡಿಯನ್ನು ತೆಗೆದು, ಕಾಗದವನ್ನು ತೊಳೆದು ಬೆಳಕಿಗೆ ಹಿಡಿದರೆ ಕೃತಕ ಬಣ್ಣ ಕಲೆಯಾಗಿ ಉಳಿಯುತ್ತದೆ, ಶುದ್ಧ ಚಹಾ ಅಂಥ ಕಲೆ ಬಿಡುವುದಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರವೇ ಸೂಚಿಸಿರುವ, ಖರ್ಚಿಲ್ಲದ ಈ ಪರೀಕ್ಷೆಯನ್ನು ಮಾಡುವವರಿಗಿಂತ ಮೊಬೈಲಿಗೆ ಬಂದ ಲಿಂಬೆ ಚಹಾದ ಪವಾಡವನ್ನು ನಾಲ್ಕು ಮಂದಿಗೆ ದಾಟಿಸುವವರೇ ಹೆಚ್ಚಿರುವುದು ದುಃಖದ ವಿಷಯ. ಸಂತೆಯಲ್ಲಿ ಕಾಯಿಯನ್ನು ಕೈಯಾರೆ ಮುರಿದು ನೋಡದೆ ಬೆಲೆ ಹೇಳದ ವಿವೇಕ ಊಟ, ಔಷಧಿ, ಆರೋಗ್ಯದ ಮಾತು ಬಂದಾಗ ಏಕೆ ಕೈಕೊಡುತ್ತದೆ ಎಂಬುದು ವಿಚಾರವಂತರು ಕೇಳಿಕೊಳ್ಳಲೇಬೇಕಾದ ಪ್ರಶ್ನೆ. ಇಲ್ಲದ ಅಪಾಯಗಳಿಗೆ ಹೆದರುವ ಅದೇ ಮನೆಗಳಲ್ಲಿ ಇರುವ ಅಪಾಯವೊಂದು ಯಾರ ಕಣ್ಣಿಗೂ ಬೀಳುವುದಿಲ್ಲ: ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪಿನಲ್ಲಿರುವ ಕಬ್ಬಿಣದ ಅಂಶವನ್ನು ಚಹಾದ ಪಾಲಿಫಿನಾಲು ಕರುಳಿನಲ್ಲೇ ಕಟ್ಟಿಹಾಕಿ ರಕ್ತಕ್ಕೆ ಸೇರುವುದನ್ನು ಬಹಳಷ್ಟು ತಡೆಯುತ್ತದೆ, ಕಪ್ಪಾಗುವವರೆಗೆ ಕುದಿಸಿದ ಚಹಾದಲ್ಲಿ ಪಾಲಿಫಿನಾಲು ಇನ್ನಷ್ಟು ಇಳಿದಿರುತ್ತದೆ. ರಕ್ತಹೀನತೆಯಿಂದ ಬಳಲುವ ಹೆಂಗಸರು, ಬಸುರಿಯರು, ಬೆಳೆಯುವ ಹುಡುಗಿಯರು ಮುಂಜಾನೆಯ ರೊಟ್ಟಿಯ ಜೊತೆಗೇ ಚಹಾ ಕುಡಿಯುವುದನ್ನು ಬಿಟ್ಟು, ಉಂಡಾದ ಮೇಲೆ ಕನಿಷ್ಠ ಒಂದು ತಾಸು ತಡೆದು ಕುಡಿಯುವುದು ಒಳ್ಳೆಯದು.