ಚಕ್ರ ಯಾವ ಕಡೆಗೆ ಅಲ್ಲಾಡುತ್ತಿದೆ?

ಕೋಲಾರದ ಟೊಮೆಟೊ ಮಂಡಿಯಿಂದ ಹೊರಡುವ ಪಿಕಪ್‌ಗಳನ್ನು ಹಿಂದಿನಿಂದ ಒಮ್ಮೆ ನೋಡಿದರೆ, ಹಿಂದಿನ ಆಕ್ಸಲ್ ಎಷ್ಟು ಹೊರುತ್ತದೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಕ್ರೇಟುಗಳ ಭಾರ, ಹಳ್ಳ ಹತ್ತಿಳಿಯುವಾಗಿನ ಏಟು, ತಿರುವಿನಲ್ಲಿ ಅಡ್ಡಡ್ಡಲಾಗಿ ಬೀಳುವ ಒತ್ತಡ, ಎಲ್ಲವೂ ಬಂದು ಕೂರುವುದು ಚಕ್ರದ ಬುಡದಲ್ಲಿರುವ, ಅಂಗೈಯಲ್ಲಿ ಹಿಡಿಯುವಷ್ಟೇ ದೊಡ್ಡ ಬೇರಿಂಗಿನ ಮೇಲೆ. ಹಾಗಾಗಿ ಹಿಂದುಗಡೆ ಏನೇ ಸದ್ದಾದರೂ, ಚಕ್ರ ಲೂಸಾಗಿದೆ ಎನಿಸಿದರೂ ಮೊದಲ ಅನುಮಾನ ಅದರ ಮೇಲೇ. ಅನುಮಾನ ಪಡುವುದರಲ್ಲಿ ತಪ್ಪಿಲ್ಲ. ಅದನ್ನೇ ತೀರ್ಪೆಂದುಕೊಂಡು ಸ್ಪ್ಯಾನರ್ ಎತ್ತಿಕೊಂಡರೆ ಕೆಲಸ ಕೆಡುತ್ತದೆ. ಲೂಸಿದೆ ಎಂದು ಯಾರು ಬೇಕಾದರೂ ಹೇಳಿಯಾರು. ಯಾವ ದಿಕ್ಕಿಗೆ ಲೂಸಿದೆ, ಯಾವುದು ಅಲ್ಲಾಡುವಾಗ ಯಾವುದು ಸುಮ್ಮನಿದೆ ಎಂದು ತೋರಿಸುವವನು ಮೆಕ್ಯಾನಿಕ್.

ತಪಾಸಣೆಗೆ ಬೇಕಾದ ಸಲಕರಣೆ ಹೆಚ್ಚೇನಿಲ್ಲ. ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನೇ ಹಿಡಿಯುವುದರಿಂದ, ಅವನ್ನು ಎತ್ತಿದ ಮೇಲೆ ಗಾಡಿ ಮುಂದಕ್ಕೆ ಉರುಳದಂತೆ ಮುಂದಿನ ಚಕ್ರಗಳಿಗೆ ಅಡೆ ಕೊಡಬೇಕು. ಬರಿಯ ಜಾಕಿ ನಂಬದೆ ಆಕ್ಸಲ್ಲಿನ ಕೆಳಗೆ ಸ್ಟ್ಯಾಂಡ್ ಇಡಬೇಕು. ಆಮೇಲೆ ಟೈರಿನ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲುಗಿಸುವುದು. ಕಣ್ಣು ಟೈರಿನ ಮೇಲಿರಬಾರದು, ಬ್ರೇಕ್ ಡ್ರಮ್ಮಿಗೂ ಅದರ ಹಿಂದಿನ ತಗಡಿಗೂ ನಡುವಿನ ಸಂದಿಯಲ್ಲಿ ನೆಟ್ಟಿರಬೇಕು. ಆ ಸಂದಿ ಮೇಲೆ ಹಿಗ್ಗಿ ಕೆಳಗೆ ಕುಗ್ಗಿದರೆ ಬೇರಿಂಗ್ ಸವೆದಿರಬಹುದು. ಸಂದಿ ಹಾಗೇ ಇದ್ದು ಡ್ರಮ್ಮು, ತಗಡು, ಆಕ್ಸಲ್ ಎಲ್ಲವೂ ಒಟ್ಟಿಗೆ ಓಲಾಡಿದರೆ ಬೇರಿಂಗ್ ನಿರಪರಾಧಿ. ಕಮಾನು ಪಟ್ಟಿಯ ಬುಷ್ಷನ್ನೋ ಸಡಿಲಗೊಂಡ ಯು ಬೋಲ್ಟನ್ನೋ ನೋಡಬೇಕು. ಇನ್ನೂ ಸಂಶಯವಿದ್ದರೆ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಲೈನರ್‌ಗಳು ಡ್ರಮ್ಮನ್ನು ತಗಡಿಗೆ ಬಿಗಿದ ಹಾಗಾಗುತ್ತದೆ. ಆಗ ಅಲ್ಲಾಟ ಮಾಯವಾದರೆ ದೋಷ ಬೇರಿಂಗಿನಲ್ಲಿ, ಮಾಯವಾಗದಿದ್ದರೆ ಬೇರೆಡೆ. ಇಷ್ಟು ಅಗ್ಗದ, ಇಷ್ಟು ಖಚಿತವಾದ ಪರೀಕ್ಷೆಯನ್ನು ಎಷ್ಟೋ ಕಡೆ ಮಾಡುವುದೇ ಇಲ್ಲ ಎಂಬುದು ಬೇಸರದ ಸಂಗತಿ.

ಚಕ್ರ ಒಳಗೂ ಹೊರಗೂ ಜರುಗುವುದು ಬೇರೆಯೇ ಮಾತು, ಇಲ್ಲಿ ಆಕ್ಸಲ್ಲಿನ ಜಾತಿ ಗೊತ್ತಿರಬೇಕು. ಒಂದು ಬಗೆಯಲ್ಲಿ ಚಕ್ರ ನೇರವಾಗಿ ಆಕ್ಸಲ್ ಶಾಫ್ಟಿಗೇ ಸೇರಿಕೊಂಡು, ಗಾಡಿಯ ಭಾರವನ್ನೂ ಶಾಫ್ಟೇ ಹೊರುತ್ತದೆ. ಇನ್ನೊಂದು ಬಗೆಯಲ್ಲಿ ಭಾರ ಹೊರುವುದು ಹೊರಗಿನ ಕೊಳವೆ. ಹಬ್ಬು ಅದರ ಮೇಲೆ ಎರಡು ಟೇಪರ್ ರೋಲರ್ ಬೇರಿಂಗುಗಳಲ್ಲಿ ತಿರುಗುತ್ತದೆ, ಶಾಫ್ಟಿಗೆ ತಿರುಗಿಸುವ ಕೆಲಸವಷ್ಟೇ. ಅಮೆರಿಕದ ಗಾಡಿ ತಯಾರಕ ಹೆನ್ರಿ ಟಿಮ್ಕೆನ್ 1898ರಲ್ಲಿ ಪೇಟೆಂಟ್ ಪಡೆದ ಈ ಟೇಪರ್ ರೋಲರ್, ಮೇಲಿನ ಭಾರವನ್ನೂ ಪಕ್ಕದ ತಳ್ಳನ್ನೂ ಒಟ್ಟಿಗೆ ತಾಳುತ್ತದೆ. ಆದರೆ ಅದರ ಬಿಗಿಯನ್ನು ನಟ್ಟಿನಿಂದಲೋ ತೆಳು ಶಿಮ್ಮುಗಳಿಂದಲೋ ಹೊಂದಿಸಬೇಕು. ಅಂದರೆ ಅಲ್ಲಿ ಕಂಡ ಸಡಿಲಕ್ಕೆ ಹೊಸ ಬೇರಿಂಗೇ ಬೇಕೆಂದಿಲ್ಲ, ಹೊಂದಾಣಿಕೆಯೇ ಸಾಕಾಗಬಹುದು. ಸ್ವಲ್ಪವೂ ಆಟವಿಲ್ಲದಂತೆ ಬಿಗಿದುಬಿಟ್ಟರೆ ಆಯಿತಲ್ಲ ಎನ್ನುವವರುಂಟು. ಮಿತಿಮೀರಿ ಬಿಗಿದ ಟೇಪರ್ ಬೇರಿಂಗ್ ಕಾದು, ಗ್ರೀಸನ್ನು ಕರಗಿಸಿಕೊಂಡು, ಸಡಿಲವಾಗಿದ್ದುದಕ್ಕಿಂತ ಬೇಗ ಸಾಯುತ್ತದೆ. ಎಷ್ಟು ಆಟ ಬಿಡಬೇಕೆಂದು ತಯಾರಕರ ಕೈಪಿಡಿ ಹೇಳುತ್ತದೆ. ಅದನ್ನು ಅಳೆಯಲು ಮಿಲಿಮೀಟರಿನ ನೂರನೇ ಒಂದು ಭಾಗವನ್ನು ತೋರಿಸುವ ಡಯಲ್ ಗೇಜ್ ಇದೆ. ಕೈಯ ಅಂದಾಜು ಇಲ್ಲಿ ಸಾಲದು.

ಹೆಚ್ಚು ಜನ ಮೋಸಹೋಗುವುದು ತಿರುಗುವ ದಿಕ್ಕಿನ ಆಟದಲ್ಲಿ. ಹ್ಯಾಂಡ್‌ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲ್ಲಿಗೆ ತಂದು ಪ್ರೊಪೆಲರ್ ಶಾಫ್ಟನ್ನು ಕೈಯಲ್ಲಿ ತಿರುಗಿಸಿದರೆ ಅದು ಒಂದಿಷ್ಟು ಹೊರಳಿ 'ಟಕ್' ಎನ್ನುತ್ತದೆ. ಕೂಡಲೇ 'ಕ್ರೌನ್ ಪಿನಿಯನ್ ಹೋಯ್ತು' ಎಂಬ ಘೋಷಣೆ. ಆದರೆ ಆಕ್ಸಲ್ಲಿನೊಳಗಿನ ಈ ಗೇರು ಜೋಡಿಯ ಹಲ್ಲುಗಳ ನಡುವೆ ಎಣ್ಣೆ ನಿಲ್ಲಲು ಸಂದು ಬೇಕೇಬೇಕು, ಆಕ್ಸಲ್ ಶಾಫ್ಟಿನ ತುದಿಯ ಸ್ಪ್ಲೈನ್ ಹಲ್ಲುಗಳಲ್ಲೂ ಬೇಕು. ಕ್ರೌನ್ ಒಂದು ಸುತ್ತು ಬರುವಾಗ ಪಿನಿಯನ್ ನಾಲ್ಕು ಸುತ್ತು ಬರುವ ಗಾಡಿಯಲ್ಲಿ, ಕ್ರೌನಿನಾಚೆಯ 2 ಡಿಗ್ರಿ ಸಡಿಲ ಪ್ರೊಪೆಲರ್ ಶಾಫ್ಟಿನಲ್ಲಿ 8 ಡಿಗ್ರಿಯಾಗಿ ಕಾಣುತ್ತದೆ. ಕಣ್ಣಿಗೆ ದೊಡ್ಡದಾಗಿ ಕಂಡದ್ದೆಲ್ಲ ದೊಡ್ಡ ದೋಷವಲ್ಲ. ಹೌಸಿಂಗ್ ಬಿಚ್ಚುವ ಮುನ್ನ ಪ್ರೊಪೆಲರ್ ಶಾಫ್ಟಿನ ಯು ಜಾಯಿಂಟ್ ಕ್ರಾಸಿನ ಎರಡೂ ಬದಿ ಹಿಡಿದು ಎದುರುಬದುರಾಗಿ ತಿರುಚಬೇಕು. ಒಂದು ಬದಿ ಹೊರಳಿ ಇನ್ನೊಂದು ನಿಂತರೆ ಕಳ್ಳ ಸಿಕ್ಕಂತೆ, ಖರ್ಚೂ ಕಡಿಮೆ.

ಅನುಭವಸ್ಥನ ಕಿವಿಗೆ ಇದೆಲ್ಲ ಯಾಕೆ ಎಂಬ ಆಕ್ಷೇಪ ಬರುತ್ತದೆ. ಕಿವಿ ದೊಡ್ಡ ಸಾಧನವೇ. ಎಡಕ್ಕೆ ತಿರುಗುವಾಗ ಭಾರ ಬಲ ಚಕ್ರದ ಮೇಲೆ ಬೀಳುವುದರಿಂದ, ಆಗ ಗುಂಯ್‌ಗುಡುವುದು ಹೆಚ್ಚಾದರೆ ಬಲ ಬೇರಿಂಗನ್ನು ಶಂಕಿಸಬಹುದು. ಆದರೆ ಆಕ್ಸಲ್ ಕೊಳವೆ ಒಂದು ತುದಿಯ ಸದ್ದನ್ನು ಇನ್ನೊಂದು ತುದಿಗೆ ಸಾಗಿಸುತ್ತದೆ. ಏರುಪೇರಾಗಿ ಸವೆದ ಟೈರೂ ಥೇಟ್ ಬೇರಿಂಗಿನಂತೆಯೇ ಕೂಗುತ್ತದೆ. ನಯವಾದ ಡಾಂಬರಿಗೆ ಬಂದಾಗ ದನಿ ಬದಲಾದರೆ ಟೈರೇ ಇರಬೇಕು. ಕಿವಿ ಜಾಗ ಸೂಚಿಸಲಿ, ಸಾಕ್ಷಿ ಹೇಳಬೇಕಾದ್ದು ಕೈ ಮತ್ತು ಗೇಜು.

ಬೇರಿಂಗಿಗೇನು ಮಹಾ ಬೆಲೆ, ಎರಡೂ ಕಡೆ ಬದಲಿಸಿಬಿಡಿ ಎನ್ನುವ ವಾದವೂ ಇದೆ. ಗಾಡಿ ನಿಂತ ದಿನದ ಬಾಡಿಗೆಯನ್ನು ಲೆಕ್ಕಕ್ಕೆ ಹಿಡಿದರೆ ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಬೇರಿಂಗ್ ಕೂರುವ ಜಾಗವೇ ಸವೆದಿದ್ದರೆ, ಆಯಿಲ್ ಸೀಲ್ ಸೋರುತ್ತಿದ್ದರೆ, ಹೊಸದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಕಾರಣ ತಿಳಿಯಬೇಕೆಂದರೆ ಬಿಚ್ಚಿದ ಬೇರಿಂಗನ್ನು ಗುಜರಿಗೆ ಎಸೆಯದೆ ಡೀಸೆಲ್ಲಿನಲ್ಲಿ ತೊಳೆದು ನೋಡಬೇಕು. ಒಳಬಳೆ ನೀಲಿಗಟ್ಟಿದ್ದರೆ ಅದು ಕಾದಿದೆ, ಬಿಗಿ ಜಾಸ್ತಿಯಾಗಿತ್ತೋ ಗ್ರೀಸ್ ಒಣಗಿತ್ತೋ. ರೋಲರುಗಳ ಅಂತರಕ್ಕೆ ಸರಿಯಾಗಿ ಸಾಲು ಗುಳಿಗಳಿದ್ದರೆ, ಅದನ್ನು ಕೂರಿಸಿದವರು ಪ್ರೆಸ್ ಬಿಟ್ಟು ಸುತ್ತಿಗೆ ಹಿಡಿದಿದ್ದಿರಬೇಕು.