ಕಣ್ಣು, ಕಿವಿ, ಕೈ: ಯಾರು ಹೇಗೆ ಕಲಿಯುತ್ತಾರೆ?

"ನಮ್ಮ ಹುಡುಗನಿಗೆ ಓದಿದ್ದು ತಲೆಗೆ ಹತ್ತೋದಿಲ್ಲ, ವಿಡಿಯೊ ತೋರಿಸಿದರೆ ಥಟ್ಟನೆ ಹಿಡೀತಾನೆ" ಎಂದು ಪಾಲಕರ ಸಭೆಯಲ್ಲಿ ಹೇಳುವ ತಾಯಿ. "ನಾನು ಬರೆದು ಬರೆದೇ ಕಲಿಯೋದು ಮಿಸ್" ಎನ್ನುವ ಪಿಯುಸಿ ಹುಡುಗಿ. ಇಬ್ಬರ ಮಾತಿನ ಹಿಂದೆಯೂ ಇರುವುದು ಒಂದೇ ನಂಬಿಕೆ. ಒಬ್ಬೊಬ್ಬರಿಗೆ ಒಂದೊಂದು ಕಲಿಕೆಯ ಶೈಲಿ ಇರುತ್ತದೆ, ಅದನ್ನು ಗುರುತಿಸಿ ಅದರಂತೆ ಕಲಿಸಿದರೆ ಅಂಕ ತಾನಾಗಿ ಏರುತ್ತದೆ ಎಂಬುದು. ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ 1992ರಲ್ಲಿ ಮುಂದಿಟ್ಟ 'ವಾರ್ಕ್' ವಿಂಗಡಣೆ ಈ ನಂಬಿಕೆಯನ್ನು ಜಗತ್ತಿನ ಶಾಲೆಗಳಿಗೆಲ್ಲ ಮುಟ್ಟಿಸಿತು. ನೋಡಿ ಕಲಿಯುವವರು, ಕೇಳಿ ಕಲಿಯುವವರು, ಓದಿ ಬರೆದು ಕಲಿಯುವವರು, ಮಾಡಿ ಕಲಿಯುವವರು ಎಂದು ಅದರಲ್ಲಿ ನಾಲ್ಕು ಬಗೆ.

ಕೇಳಲು ಸೊಗಸಾದ ಈ ವಿಚಾರವನ್ನು 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಮನೋವಿಜ್ಞಾನಿಗಳು ಒರೆಗೆ ಹಚ್ಚಿದರು. ಅವರ ತರ್ಕ ಸರಳ. ಶೈಲಿಯ ಮಾತು ನಿಜವಾದರೆ, 'ನೋಡುವ' ಮಕ್ಕಳು ಚಿತ್ರದ ಪಾಠದಲ್ಲೂ 'ಕೇಳುವ' ಮಕ್ಕಳು ಮಾತಿನ ಪಾಠದಲ್ಲೂ ಮುಂದೆ ಬರಬೇಕು. ಪಾಠ ಅದಲುಬದಲಾದರೆ ಇಬ್ಬರೂ ಹಿಂದೆ ಬೀಳಬೇಕು. ಇಷ್ಟನ್ನು ಸರಿಯಾಗಿ ಪರೀಕ್ಷಿಸಿದ ಅಧ್ಯಯನಗಳೇ ಬೆರಳೆಣಿಕೆಯವು, ಅವುಗಳಲ್ಲೂ ಹಲವು ಈ ನಂಬಿಕೆಗೆ ವಿರುದ್ಧವಾದ ಫಲಿತಾಂಶ ಕೊಟ್ಟಿದ್ದವು. ಯಾವುದು ಇಷ್ಟ ಎಂದು ಮಕ್ಕಳು ಹೇಳುವುದು ನಿಜ. ಆದರೆ ಇಷ್ಟವಾದದ್ದರಿಂದಲೇ ಚೆನ್ನಾಗಿ ಕಲಿಯುತ್ತಾರೆ ಎನ್ನಲು ಆಧಾರ ಸಿಗಲಿಲ್ಲ.

ಹಾಗಾದರೆ ಕಣ್ಣು, ಕಿವಿ, ಕೈಗಳಲ್ಲಿ ಯಾವುದನ್ನು ಬಳಸಬೇಕೆಂದು ಗೊತ್ತುಮಾಡುವುದು ಯಾವುದು? ಕಲಿಯುವ ವಿಷಯ. ಗುಜರಾತಿನ ಮೂರು ಊರುಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ.

ಅಹಮದಾಬಾದ್: ಬಾಯಿಬಿಟ್ಟು ಕಲಿಯುವುದು

ವಿಕ್ರಮ್ ಸಾರಾಭಾಯಿಯವರ ಮುತುವರ್ಜಿಯಿಂದ 1961ರಲ್ಲಿ ಶುರುವಾದ ಐಐಎಂ, ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಸಹಯೋಗದಲ್ಲಿ 'ಕೇಸ್' ಪದ್ಧತಿಯನ್ನು ನೆಚ್ಚಿಕೊಂಡಿತು. ಒಂದು ಕಂಪನಿಯೋ ಸಹಕಾರ ಸಂಘವೋ ಎದುರಿಸಿದ ಇಕ್ಕಟ್ಟನ್ನು ವಿದ್ಯಾರ್ಥಿಗಳು ಮೊದಲೇ ಓದಿಕೊಂಡು, ಗುಂಪಿನಲ್ಲಿ ಚರ್ಚಿಸಿ ಬರುತ್ತಾರೆ. ಮೆಟ್ಟಿಲು ಮೆಟ್ಟಿಲಾಗಿ ಏರುವ, ಒಬ್ಬರ ಮುಖ ಒಬ್ಬರಿಗೆ ಕಾಣುವ ತರಗತಿಯಲ್ಲಿ ಪ್ರಾಧ್ಯಾಪಕರು ಭಾಷಣ ಮಾಡುವುದಿಲ್ಲ. "ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?" ಎಂದು ಯಾರನ್ನಾದರೂ ಎಬ್ಬಿಸುತ್ತಾರೆ. ಓದಿದ್ದನ್ನು ತಲೆಯಿಂದ ಹೊರತೆಗೆಯದೆ ಗತ್ಯಂತರವಿಲ್ಲ.

ಹೀಗೆ ಹೊರತೆಗೆಯುವುದಕ್ಕೇ ದೊಡ್ಡ ಬಲವಿದೆ. ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ನೋಡಿ. ವಿದ್ಯಾರ್ಥಿಗಳು ಒಂದು ಪಾಠವನ್ನು ಓದಿದ ಮೇಲೆ ಎರಡನೆಯ ಸಲ ಓದಿದರು. ಇನ್ನೊಂದು ಪಾಠವನ್ನು ಓದಿ, ಹಾಳೆ ಮುಚ್ಚಿಟ್ಟು ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದ್ದೇ ಹೆಚ್ಚು ನೆನಪಿತ್ತು: ಶೇ. 81, ಬರೆದದ್ದು ಶೇ. 75. ಒಂದು ವಾರ ಕಳೆದಾಗ ಲೆಕ್ಕ ತಿರುಗಿಬಿತ್ತು. ಎರಡು ಸಲ ಓದಿದ್ದರಲ್ಲಿ ಉಳಿದದ್ದು ಶೇ. 42, ನೆನೆದು ಬರೆದದ್ದರಲ್ಲಿ ಶೇ. 56. ಪರೀಕ್ಷೆಯ ಹಿಂದಿನ ರಾತ್ರಿ "ಎಲ್ಲ ಬರುತ್ತೆ" ಅನ್ನಿಸುವುದೂ ವಾರದಲ್ಲಿ ಎಲ್ಲ ಮರೆಯುವುದೂ ಯಾಕೆಂದು ಇದರಿಂದ ತಿಳಿಯುತ್ತದೆ.

ವಡೋದರಾ: ಬೆರೆಸಿ ನೋಡುವುದು

ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗ 1950ರಲ್ಲಿ ಆರಂಭವಾಯಿತು. ಎನ್.ಎಸ್. ಬೇಂದ್ರೆ, ಕೆ.ಜಿ. ಸುಬ್ರಮಣ್ಯನ್ ಅಲ್ಲಿ ಕಲಿಸಿದರು; ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಶಿಲ್ಪಕಲೆ ಕಲಿತದ್ದೂ ಅಲ್ಲೇ. ಇಲ್ಲಿ ಕಣ್ಣಿಗೇ ಮೊದಲ ಮಣೆ. "ನಾನು ಕೇಳಿ ಕಲಿಯುವವನು" ಎಂದು ಯಾವ ವಿದ್ಯಾರ್ಥಿಯೂ ಚಿತ್ರ ನೋಡದೆ ತಪ್ಪಿಸಿಕೊಳ್ಳಲಾರ.

ಆದರೆ ನೋಡುವುದರಲ್ಲೂ ಕ್ರಮವಿದೆ. ನೇಟ್ ಕಾರ್ನೆಲ್ ಮತ್ತು ರಾಬರ್ಟ್ ಬ್ಯೋರ್ಕ್ 2008ರಲ್ಲಿ 12 ಕಲಾವಿದರ ಚಿತ್ರಗಳನ್ನು ವಿದ್ಯಾರ್ಥಿಗಳಿಗೆ ತೋರಿಸಿದರು. ಕೆಲವು ಕಲಾವಿದರ ಎಲ್ಲ ಚಿತ್ರಗಳೂ ಒಟ್ಟಿಗೆ ಬಂದವು. ಉಳಿದವರವು ಒಬ್ಬರದಾದ ಮೇಲೆ ಇನ್ನೊಬ್ಬರದು ಎಂದು ಕಲಸಿ ಬಂದವು. ಬಳಿಕ ಹೊಸ ಚಿತ್ರ ತೋರಿಸಿ "ಇದು ಯಾರದು?" ಎಂದು ಕೇಳಿದಾಗ, ಕಲಸಿ ತೋರಿಸಿದವರನ್ನೇ ಹೆಚ್ಚು ಸರಿಯಾಗಿ ಗುರುತಿಸಿದರು. ಒಬ್ಬರ ಪಕ್ಕ ಇನ್ನೊಬ್ಬರು ಬಂದಾಗಲೇ ವ್ಯತ್ಯಾಸ ಎದ್ದು ಕಾಣುವುದು. ಸ್ವಾರಸ್ಯವೆಂದರೆ, ಇಷ್ಟಾದ ಮೇಲೂ ಹೆಚ್ಚಿನವರು ಒಟ್ಟಿಗೆ ನೋಡಿದ್ದೇ ಒಳ್ಳೆಯದೆಂದು ನಂಬಿದ್ದರು. ಸುಲಭವಾಗಿ ಸಾಗಿದ್ದನ್ನು ಚೆನ್ನಾಗಿ ಕಲಿತದ್ದೆಂದು ಮನಸ್ಸು ತಪ್ಪು ತಿಳಿಯುತ್ತದೆ.

ಗಣಿತಕ್ಕೂ ಇದೇ ಮಾತು. ಬಡ್ಡಿಯ ಲೆಕ್ಕ ಇಪ್ಪತ್ತನ್ನು ಸಾಲಾಗಿ ಬಿಡಿಸಿದರೆ ಮೂರನೆಯದರಿಂದ ಕೈ ತಾನಾಗಿ ಓಡುತ್ತದೆ, ಯಾವ ಸೂತ್ರ ಬೇಕೆಂದು ಯೋಚಿಸುವ ಕೆಲಸವೇ ಇಲ್ಲ. ಬಡ್ಡಿ, ಲಾಭನಷ್ಟ, ಸರಾಸರಿ ಬೆರೆತು ಬಂದರೆ ಪ್ರತಿ ಸಲವೂ ಯೋಚಿಸಲೇಬೇಕು. ಪರೀಕ್ಷೆಯ ಪ್ರಶ್ನೆಗಳು ಬರುವುದೂ ಬೆರೆತೇ.

ಸೂರತ್: ತಪ್ಪು ಕೂಡಲೇ ಕಾಣುವುದು

ಜಗತ್ತಿನ ಬಹುಪಾಲು ವಜ್ರಗಳಿಗೆ ಹೊಳಪು ಬರುವುದು ಸೂರತ್ತಿನ ಕಾರ್ಖಾನೆಗಳಲ್ಲಿ. ವಜ್ರದ ಪುಡಿ ಸವರಿದ, ಗಿರ್ರನೆ ತಿರುಗುವ ಸಾಣೆಗೆ ಅಲ್ಲಿ 'ಘಂಟಿ' ಎನ್ನುತ್ತಾರೆ, ಕುಶಲಕರ್ಮಿಗೆ 'ರತ್ನಕಲಾಕಾರ'. ಸೌರಾಷ್ಟ್ರದ ಹಳ್ಳಿಗಳಿಂದ ಬಂದ ಹುಡುಗರು ನೆಂಟರ ಅಥವಾ ಊರಿನವರ ಪಕ್ಕ ಕೂತು ಕೆಲಸ ಕಲಿತದ್ದೇ ಈ ಉದ್ಯಮದ ಚರಿತ್ರೆ.

ದುಂಡು 'ಬ್ರಿಲಿಯಂಟ್' ವಜ್ರಕ್ಕೆ 57 ಮುಖಗಳು. ಕಲಿಯುವವನು ಹಿಡಿಕೆಗೆ ಸಿಕ್ಕಿಸಿದ ಹರಳನ್ನು ಸಾಣೆಗೆ ಒತ್ತುತ್ತಾನೆ, ಕ್ಷಣ ಬಿಟ್ಟು ಎತ್ತುತ್ತಾನೆ, ಭೂತಗನ್ನಡಿಯಲ್ಲಿ ನೋಡುತ್ತಾನೆ, ಕೋನ ಸರಿಪಡಿಸಿ ಮತ್ತೆ ಒತ್ತುತ್ತಾನೆ. ಹೆಚ್ಚು ಸವೆದರೆ ಹೋದ ತೂಕ ವಾಪಸು ಬರುವುದಿಲ್ಲವಾದ್ದರಿಂದ ನೋಡದೆ ಮುಂದುವರಿಯುವಂತಿಲ್ಲ. ಕೈಯನ್ನು ಪಳಗಿಸುವುದು ಬರೀ ಪುನರಾವರ್ತನೆಯಲ್ಲ, ಪ್ರತಿ ಒತ್ತಿಗೂ ಸಿಗುವ ತಪಾಸಣೆ. ಐವತ್ತು ಲೆಕ್ಕ ಮಾಡಿ ತಿಂಗಳ ನಂತರ ಉತ್ತರ ನೋಡುವವನಿಗೆ ಸಿಗದಿರುವುದು ಇದೇ.

ಹಾಗಾದರೆ ಎಲ್ಲರೂ ಒಂದೇ ಏನು?

ಖಂಡಿತ ಅಲ್ಲ. ದೃಷ್ಟಿ ಅಥವಾ ಶ್ರವಣದ ತೊಂದರೆ, ಪದಗಳನ್ನು ಓದುವಲ್ಲಿ ಎಡವಿಸುವ ಡಿಸ್ಲೆಕ್ಸಿಯಾ ನಿಜವಾದ ವ್ಯತ್ಯಾಸಗಳು. ಅವಕ್ಕೆ ತಕ್ಕ ನೆರವು ಬೇಕೇ ಬೇಕು. ಮೊದಲೇ ಎಷ್ಟು ಗೊತ್ತಿದೆ ಎಂಬುದು ಇನ್ನೊಂದು. ಭಿನ್ನರಾಶಿ ಬಾರದ ಮಗುವಿಗೆ ಬೀಜಗಣಿತ ಹತ್ತದಿದ್ದರೆ ದೋಷ ಶೈಲಿಯದಲ್ಲ. ಎಚ್.ಡಿ. ಕೋಟೆಯಲ್ಲಿ 1995ರ ಸುಮಾರಿಗೆ ಮೊಳೆತ ನಲಿ-ಕಲಿ ಎಂಬ ಕಲಿಕಾ ಪದ್ಧತಿ ಮಕ್ಕಳನ್ನು ಶೈಲಿಯಂತೆ ವಿಂಗಡಿಸಲಿಲ್ಲ. ಅವರವರು ನಿಂತ ಮೆಟ್ಟಿಲಿನಿಂದ ಅವರವರ ವೇಗದಲ್ಲಿ ಹತ್ತಲು ಬಿಟ್ಟಿತು. ಮೂರನೆಯದು ಭಾಷೆ, ಪಾಠ ಮಗುವಿನ ಮನೆಮಾತಿನಲ್ಲಿದೆಯೇ ಎಂಬುದು: ಗಾಂಧೀಜಿ 1920ರಲ್ಲಿ ಅಹಮದಾಬಾದಿನಲ್ಲಿ ಗುಜರಾತ್ ವಿದ್ಯಾಪೀಠ ಕಟ್ಟಿದಾಗ ಮಾತೃಭಾಷೆಗೆ ಪಟ್ಟು ಹಿಡಿದದ್ದನ್ನು ಇಲ್ಲಿ ನೆನೆಯಬಹುದು.

ಇಂದಿನಿಂದಲೇ ಹೀಗೆ ಓದಿ

ಜಾನ್ ಡನ್ಲಾಸ್ಕಿ ಮತ್ತು ಸಂಗಡಿಗರು 2013ರಲ್ಲಿ ಓದಿನ ಹತ್ತು ವಿಧಾನಗಳನ್ನು ತೂಗಿ ನೋಡಿದರು. ಗೆರೆ ಎಳೆಯುವುದು, ಮತ್ತೆ ಮತ್ತೆ ಓದುವುದು ಕೆಳಗೆ ಕೂತವು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು, ಅಂತರ ಬಿಟ್ಟು ಹಲವು ದಿನಗಳಿಗೆ ಹಂಚಿ ಓದುವುದು ಮೇಲೆ ಬಂದವು.

1. ಪಾಠ ಒಮ್ಮೆ ಗಮನವಿಟ್ಟು ಓದಿ, ಪುಸ್ತಕ ಮುಚ್ಚಿ, ನೆನಪಿದ್ದದ್ದನ್ನು ಬರೆಯಿರಿ ಅಥವಾ ಗಟ್ಟಿಯಾಗಿ ಹೇಳಿ.
2. ಕೂಡಲೇ ಪುಸ್ತಕ ತೆರೆದು ತಾಳೆ ನೋಡಿ. ತಪ್ಪಿದ್ದಕ್ಕೆ ಕೆಂಪು ಗುರುತು ಹಾಕಿ.
3. ಅದೇ ಪಾಠವನ್ನು ಮಾರನೆಯ ದಿನ, ಮೂರು ದಿನದ ಮೇಲೆ, ವಾರದ ಮೇಲೆ ಹೀಗೆಯೇ ನೆನೆಯಿರಿ. ಒಂದೇ ಕೂತಿನ ಮೂರು ಗಂಟೆಗಿಂತ ಹಂಚಿದ ಮೂರು ಗಂಟೆ ಹೆಚ್ಚು ಉಳಿಯುತ್ತದೆ.
4. ಲೆಕ್ಕಗಳನ್ನು ಎರಡು ಮೂರು ಅಧ್ಯಾಯಗಳಿಂದ ಕಲಸಿ ಬಿಡಿಸಿ.
5. ನಕಾಶೆಯನ್ನು ಬಿಡಿಸಿ ಕಲಿಯಿರಿ, ಪದ್ಯವನ್ನು ಹೇಳಿ, ಪ್ರಯೋಗವನ್ನು ಮಾಡಿ.

ಭಾನುವಾರ ಕೆಂಪು ಗುರುತುಗಳನ್ನೆಲ್ಲ ಒಂದು ಹಾಳೆಗೆ ಇಳಿಸಿ. ನಿಮ್ಮ ಶೈಲಿ ಯಾವುದೆಂದು ಹೇಳುವ ಪ್ರಶ್ನಾವಳಿಗಿಂತ ಆ ಹಾಳೆ ನಿಮ್ಮ ಬಗ್ಗೆ ಹೆಚ್ಚು ಹೇಳುತ್ತದೆ. ಮುಂದಿನ ವಾರದ ಟೈಂಟೇಬಲ್ ಅದರಿಂದಲೇ ಶುರುವಾಗಲಿ.